ಸುಣ್ಣ ಮೊದಲೋ, ಡ್ರಿಪ್ ಮೊದಲೋ? ಕರಾವಳಿಯ ಹತ್ತಿಪ್ಪತ್ತು ಸೆಂಟ್ಸಿನ ಬೇಸಾಯಗಾರರಿಗೆ

ಮುಂಬಯಿಯಲ್ಲಿ 28 ವರ್ಷ ಕ್ಯಾಂಟೀನ್ ನಡೆಸಿದ ನನ್ನ ಭಾವ ಹೋದ ದೀಪಾವಳಿ ಹೊತ್ತಿಗೆ ಊರಿಗೇ ಬಂದು ಕೂತರು. ಉಡುಪಿ ಕಡೆಯ ಶಿರ್ವದ ಹತ್ತಿರ ಅವರಿಗೆ ಮೂವತ್ತು ಸೆಂಟ್ಸ್ ಜಾಗ ಇದೆ (ನೂರು ಸೆಂಟ್ಸ್ ಅಂದರೆ ಒಂದು ಎಕರೆ). ಹತ್ತು ಸೆಂಟ್ಸ್ ನೀರು ನಿಲ್ಲದ ಎತ್ತರದ ಬೆಟ್ಟು ಗದ್ದೆ, ಉಳಿದದ್ದು ನಡುಮಟ್ಟದ ಮಜಲು. ಬಂದ ವಾರದಲ್ಲೇ ಪೇಟೆಗೆ ಹೋಗಿ ಒಂದು ಚೀಟಿ ಬರೆಸಿಕೊಂಡು ಬಂದರು. ಹೈಬ್ರಿಡ್ ಬೀಜ, ಡ್ರಿಪ್ ಪೈಪು, ಮಲ್ಚಿಂಗ್ ಶೀಟು, 19:19:19 ಗೊಬ್ಬರ, ಎರಡು ಬಗೆಯ ಕೀಟನಾಶಕ. "ಇದರಲ್ಲಿ ಮೊದಲು ಯಾವುದು ತರಲಿ ಮಾರಾಯ?" ಎಂದು ಕೇಳಿದರು.

"ಚೀಟಿಯಲ್ಲಿ ಇಲ್ಲದ್ದು ಒಂದಿದೆ ಭಾವ, ಮೊದಲು ಅದನ್ನು ತನ್ನಿ" ಎಂದೆ.

"ಯಾವುದು?"

"ಸುಣ್ಣ."

ಅವರಿಗೆ ನಗು ಬಂತು. ಎಲೆ ಅಡಿಕೆಗೆ ಬಿಟ್ಟರೆ ಸುಣ್ಣ ಯಾರಿಗೆ ಬೇಕು ಎನ್ನುವ ಮುಖ.

ಅವರ ಹಾಗೆ ಹತ್ತರಿಂದ ಐವತ್ತು ಸೆಂಟ್ಸ್ ಇಟ್ಟುಕೊಂಡು, ಕೈಯಲ್ಲಿ ಸ್ವಲ್ಪವೇ ದುಡ್ಡು ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊಬೈಲಿನಲ್ಲಿ ನೋಡುವ ಸಲಹೆಗಳಲ್ಲಿ ಹೆಚ್ಚಿನವು ಘಟ್ಟದ ಮೇಲಿನ ಮಣ್ಣಿಗೆ ಸರಿ. ಕೋಲಾರದ ಟೊಮೆಟೊ ಹೊಲಕ್ಕೆ ಹೇಳಿದ್ದನ್ನು ಕಟಪಾಡಿಯಲ್ಲಿ ಮಾಡಿದರೆ ದುಡ್ಡು ನೀರಲ್ಲಿ ಹೋಗುತ್ತದೆ, ನಿಜವಾಗಿಯೂ ನೀರಲ್ಲೇ. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಬಾವಿಗೆ ಇಣುಕಿ ನೋಡುತ್ತಾ ಕೂರಬೇಕು. ಒಂದೇ ಗದ್ದೆ ನಾಲ್ಕು ತಿಂಗಳು ಕೆರೆ, ನಾಲ್ಕು ತಿಂಗಳು ಕಾವಲಿ.

ಸುಣ್ಣವೋ, ಗೊಬ್ಬರದ ಚೀಲವೋ

ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಕೆಂಪು ಮಣ್ಣು. ಇಷ್ಟು ಮಳೆ ಬಿದ್ದೂ ಬಿದ್ದೂ ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಷ್ ಎಲ್ಲ ತೋಡಿಗೆ ಇಳಿದು ಹೋಗಿದೆ. ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಹಾಗಾಗಿ ಮಣ್ಣು ಹುಳಿ. ಹುಳಿ ಅಳೆಯುವ ಅಂಕೆ ಪಿಎಚ್, ಅದು ಇಳಿದಷ್ಟು ಹುಳಿ ಜಾಸ್ತಿ. 5ರಿಂದ 5.5ರ ಆಚೀಚೆ ಇರುವುದು ಇಲ್ಲಿ ಮಾಮೂಲು. ಹೆಚ್ಚಿನ ತರಕಾರಿಗಳಿಗೆ ಬೇಕಾದದ್ದು 6ರಿಂದ 6.8. ಹುಳಿ ಮಣ್ಣಿಗೆ ಡಿಎಪಿ ಹಾಕಿದರೆ ಅದರಲ್ಲಿರುವ ರಂಜಕವನ್ನು ಕಬ್ಬಿಣವೂ ಅಲ್ಯೂಮಿನಿಯಂ ಕೂಡ ಹಿಡಿದಿಟ್ಟುಕೊಳ್ಳುತ್ತವೆ. ಗೊಬ್ಬರ ಮಣ್ಣಿನಲ್ಲೇ ಇರುತ್ತದೆ, ಬೇರಿಗೆ ಸಿಗುವುದಿಲ್ಲ. ಬ್ಯಾಂಕಿನಲ್ಲಿ ದುಡ್ಡಿದ್ದು ಎಟಿಎಂ ಕಾರ್ಡ್ ಕಳೆದುಹೋದ ಹಾಗೆ. ವರ್ಷ ವರ್ಷ ಯೂರಿಯಾ ಸುರಿದರೆ ಹುಳಿ ಇನ್ನೂ ಏರುತ್ತದೆ.

ಆದ್ದರಿಂದ ಗೊಬ್ಬರ ಮತ್ತು ಸುಣ್ಣದ ನಡುವೆ ಒಂದನ್ನೇ ಕೊಳ್ಳುವಷ್ಟು ದುಡ್ಡಿದ್ದರೆ ನಾನು ಸುಣ್ಣ ಕೊಳ್ಳುತ್ತೇನೆ. ಮಣ್ಣು ಪರೀಕ್ಷೆಯ ಚೀಟಿ ಕೈಯಲ್ಲಿದ್ದರೆ ಅದರಲ್ಲಿ ಬರೆದಷ್ಟು. ಇಲ್ಲದಿದ್ದರೆ ತರಕಾರಿ ಜಾಗಕ್ಕೆ ಸೆಂಟ್ಸಿಗೆ 2ರಿಂದ 3 ಕಿಲೋ ಸಾಕು. ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದು ಅಂತ ಇಲ್ಲ. ಮಿತಿ ಮೀರಿದರೆ ಸತು, ಬೋರಾನ್ ಗಿಡಕ್ಕೆ ಸಿಗುವುದು ನಿಲ್ಲುತ್ತದೆ.

ಸುಣ್ಣದಲ್ಲೂ ಮೂರು ಬಗೆ. ಚಿಪ್ಪು ಸುಟ್ಟು ಅರಳಿಸಿದ ಸುಣ್ಣ ಬೇಗ ಕೆಲಸ ಮಾಡುತ್ತದೆ. ಎರಡು ವಾರದಲ್ಲಿ ಬಿತ್ತನೆ ಮಾಡುವವರಿಗೆ ಇದೇ ಸರಿ. ಸುಣ್ಣದ ಕಲ್ಲನ್ನು ಪುಡಿ ಮಾಡಿದ ಕೃಷಿ ಸುಣ್ಣ ನಿಧಾನ, ಆದರೆ ತುಂಬಾ ದಿನ ನಿಲ್ಲುತ್ತದೆ. ಡಾಲೊಮೈಟ್‌ನಲ್ಲಿ ಮೆಗ್ನೀಸಿಯಂ ಕೂಡ ಇದೆ. ಬಾಳೆ, ಅಡಿಕೆ, ತೆಂಗಿನ ಕೆಳಗಿನ ಎಲೆ ಹಳದಿ ತಿರುಗುವ ಜಾಗಗಳಲ್ಲಿ ನಾನು ಡಾಲೊಮೈಟ್ ಹಾಕುತ್ತೇನೆ, ತರಕಾರಿ ಸಾಲಿಗೆ ಚಿಪ್ಪಿನ ಸುಣ್ಣ. ಯಾವುದೇ ಸುಣ್ಣ ಆಗಲಿ, ಹಟ್ಟಿಗೊಬ್ಬರದ ಜೊತೆಗೋ ಯೂರಿಯಾದ ಜೊತೆಗೋ ಬೆರೆಸಬೇಡಿ. ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುತ್ತದೆ. ಸುಣ್ಣ ಎರಚಿ, ಮಣ್ಣು ತಿರುಗಿಸಿ, ಹತ್ತು ಹದಿನೈದು ದಿನ ಬಿಟ್ಟು ಗೊಬ್ಬರ. ಒಲೆಯ ಬೂದಿಗೂ ಇದೇ ಮಾತು. ಅದು ಸುಣ್ಣದ ತಮ್ಮನೇ, ಜೊತೆಗೆ ಪೊಟ್ಯಾಷ್ ಬೇರೆ ಕೊಡುತ್ತದೆ.

ಮಣ್ಣು ಪರೀಕ್ಷೆ ಮಾಡಿಸದೆ ಏನೂ ಮಾಡಬೇಡಿ ಎಂದು ಎಲ್ಲರೂ ಹೇಳುತ್ತಾರೆ, ಮಾಡಿಸುವವರು ಕಡಿಮೆ. ಉಡುಪಿಯವರಿಗೆ ಬ್ರಹ್ಮಾವರದಲ್ಲಿ, ಮಂಗಳೂರಿನವರಿಗೆ ಕಂಕನಾಡಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಗದ್ದೆಯ ಎಂಟು ಹತ್ತು ಕಡೆ ಗೇಣಿನಷ್ಟು ಆಳಕ್ಕೆ 'ವಿ' ಆಕಾರದಲ್ಲಿ ಅಗೆದು, ಬದಿಯ ಮಣ್ಣು ಕೆರೆದು, ಎಲ್ಲ ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ತೆಗೆದುಕೊಂಡು ಹೋಗಿ. ಗೊಬ್ಬರದ ಗುಂಡಿಯ ಪಕ್ಕ, ಮರದ ಬುಡ, ಹುಣಿಯ (ಗದ್ದೆಯ ಬದುವಿನ) ಮೇಲಿನ ಮಣ್ಣು ಬೇಡ. ಬೆಟ್ಟಿನ ಮಣ್ಣನ್ನೂ ಮಜಲಿನ ಮಣ್ಣನ್ನೂ ಒಂದೇ ಚೀಲಕ್ಕೆ ತುಂಬಿಸಬೇಡಿ. ಭಾವ ಮೊದಲ ಸಲ ಹಾಗೇ ಮಾಡಿದರು. ಚೀಟಿಯಲ್ಲಿ ಬಂದ ಅಂಕೆ ಎರಡೂ ಗದ್ದೆಗೆ ಹೊಂದಲಿಲ್ಲ.

ಸುಣ್ಣ ಆಯಿತು. ಇನ್ನು ಗೊಬ್ಬರಕ್ಕೆ ಬರೋಣ. ಹಟ್ಟಿಗೊಬ್ಬರ, ಜೀವಾಮೃತ, ಚೀಲದ ಗೊಬ್ಬರ ಎಂಬ ಮೂರು ಪಕ್ಷಗಳು ಊರಲ್ಲಿ ಇವೆ. ಮದುವೆ ಊಟದ ಪಂಕ್ತಿಯಲ್ಲೂ ಇದೇ ಜಗಳ. ನನ್ನ ಲೆಕ್ಕ ಹೀಗೆ. ನಮ್ಮ ಮಣ್ಣಿಗೆ ನೀರೂ ಸಾರವೂ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಅದನ್ನು ಕೊಡುವುದು ಹಟ್ಟಿಗೊಬ್ಬರ, ಸೊಪ್ಪು, ತರಗೆಲೆ ಮಾತ್ರ. ಜೀವಾಮೃತ ಒಳ್ಳೆಯದೇ. 200 ಲೀಟರ್ ನೀರು, 10 ಕಿಲೋ ಸಗಣಿ, 5ರಿಂದ 10 ಲೀಟರ್ ಗೋಮೂತ್ರ, ಎರಡೆರಡು ಕಿಲೋ ಬೆಲ್ಲ ಮತ್ತು ಬೇಳೆ ಹಿಟ್ಟು, ಒಂದು ಹಿಡಿ ಮಣ್ಣು. ಇಷ್ಟು ಒಂದು ಎಕರೆಗೆ. ಆದರೆ ಅದು ಹೆಪ್ಪು ಇದ್ದ ಹಾಗೆ. ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿ ಮೊಸರು ಆಗಲಿಲ್ಲ ಅಂದರೆ ಹೇಗೆ? ಮೊದಲು ತರಗೆಲೆ, ಗ್ಲಿರಿಸಿಡಿಯಾ ಸೊಪ್ಪು, ಹಟ್ಟಿಗೊಬ್ಬರ ಬೀಳಲಿ. ದನ ಇಲ್ಲದ ಮನೆಯವರು ಹುಣಿಯ ಉದ್ದಕ್ಕೂ ಗ್ಲಿರಿಸಿಡಿಯಾ ಗೂಟ ನೆಟ್ಟರೆ ಎರಡನೇ ವರ್ಷದಿಂದ ಸೊಪ್ಪಿಗೆ ಬರ ಇಲ್ಲ, ಬೇಲಿಯೂ ಆಯಿತು.

ಚೀಲದ ಗೊಬ್ಬರ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ಒಮ್ಮೆಗೇ ಹಾಕಿದರೆ ಅದು ನಿಮ್ಮ ಗದ್ದೆಯದ್ದಲ್ಲ, ಕೆಳಗಿನ ಬೈಲಿನವರದ್ದು. ಮೂರು ನಾಲ್ಕು ಸಲ ಚಿಟಿಕೆ ಚಿಟಿಕೆ ಹಾಕಬೇಕು. ಪೊಟ್ಯಾಷ್ ಕೂಡ ಯೂರಿಯಾದ ಹಾಗೆ ತೊಳೆದು ಹೋಗುತ್ತದೆ ಎನ್ನುವುದನ್ನು ನಮ್ಮಲ್ಲಿ ತುಂಬಾ ಜನ ಮರೆಯುತ್ತಾರೆ. ರಾಕ್ ಫಾಸ್ಫೇಟ್ ಹುಳಿ ಮಣ್ಣಿನಲ್ಲಿ ನಿಧಾನ ಕರಗುತ್ತದೆ. ಹಣ್ಣಿನ ಗಿಡಕ್ಕೆ ಅದು ಲಾಭ, ಎರಡು ತಿಂಗಳ ಬೆಂಡೆಗೆ ಅಷ್ಟು ಪ್ರಯೋಜನ ಇಲ್ಲ.

ಹಿಂದಿನವರ ಸುಡುಮಣ್ಣಿನ ಬಗ್ಗೆ ಒಂದು ಮಾತು. ತರಗೆಲೆ ಮೇಲೆ ಮಣ್ಣು ಮುಚ್ಚಿ ನಿಧಾನ ಸುಡುವುದು. ಅದರಲ್ಲಿ ಬೆಳೆದ ಹರಿವೆಯ ಬಣ್ಣವೇ ಬೇರೆ. ಬೂದಿ, ಪೊಟ್ಯಾಷ್ ಸಿಗುತ್ತದೆ, ಮಣ್ಣಿನ ರೋಗವೂ ಸ್ವಲ್ಪ ಸಾಯುತ್ತದೆ. ಆದರೆ ಕೊಳೆತು ಗೊಬ್ಬರ ಆಗಬೇಕಾದ ಎಲೆಯೆಲ್ಲ ಹೊಗೆಯಾಗಿ ಹೋಗುತ್ತದೆ. ನರ್ಸರಿ ಮಡಿಗೆ ನಾಲ್ಕು ಬುಟ್ಟಿ ಸಾಕು, ಇಡೀ ಗದ್ದೆಗೆ ಬೇಡ.

ಮಳೆಗಾಲದ ತರಕಾರಿಯೋ, ಸುಗ್ಗಿಯ ತರಕಾರಿಯೋ

ಇಳುವರಿ ಅಂದರೆ ಕಿಲೋ ಲೆಕ್ಕ ಮಾತ್ರ ಅಲ್ಲ. ಚೌತಿಯ ಹಿಂದಿನ ದಿನದ ಹತ್ತು ಕಿಲೋ ಊರಿನ ಬೆಂಡೆಯೂ ಮಾರ್ಚ್ ತಿಂಗಳ ಹತ್ತು ಕಿಲೋ ಬೆಂಡೆಯೂ ಒಂದೇ ಅಲ್ಲ. ಮಳೆಗಾಲದಲ್ಲಿ ಮಾರ್ಕೆಟ್ಟಿಗೆ ಬರುವುದು ಹೆಚ್ಚು ಪಾಲು ಘಟ್ಟದ ತರಕಾರಿ. 'ಊರಿದ್ದಾ?' ಎಂದು ಕೇಳಿ, ಹೌದೆಂದರೆ ಕ್ರಯ ಕೇಳದೆ ತೆಗೆದುಕೊಳ್ಳುವ ಅಮ್ಮಂದಿರು ಇಲ್ಲಿ ಇನ್ನೂ ಇದ್ದಾರೆ. ವಿಟ್ಲಪಿಂಡಿ, ಚೌತಿ, ಮೊಂತಿ ಹಬ್ಬ, ನವರಾತ್ರಿ ಎಲ್ಲ ಒಂದರ ಹಿಂದೆ ಒಂದು ಬರುವುದೂ ಆಗಲೇ.

ಹಾಗಾದರೆ ಎಲ್ಲರೂ ಮಳೆಗಾಲದಲ್ಲೇ ಬೆಳೆಯಬಹುದಲ್ವಾ? ಬೆಳೆಯಬಹುದು, ಬೆಟ್ಟು ಗದ್ದೆ ಇದ್ದವರು. ಬೈಲಿನಲ್ಲಿ ನೀರು ನಿಲ್ಲುತ್ತದೆ, ಅಲ್ಲಿ ಏಣೇಲು, ಅಂದರೆ ಮಳೆಗಾಲದ ಭತ್ತವೇ ಸರಿ. ಮಜಲಿನಲ್ಲಿ ಒಂದೂವರೆ ಅಡಿ ಎತ್ತರದ ಸಾಲು ಮಾಡಿ, ನಡುವೆ ಕಣಿ ತೆಗೆದು, ಕಣಿಯ ನೀರು ತೋಡಿಗೆ ಹೋಗುವ ದಾರಿ ಇದ್ದರೆ ಧೈರ್ಯ ಮಾಡಬಹುದು. ಬೇಸಗೆಗೆ ಬಂದಾಗ ಇದೇ ಕೆಲಸ ತಲೆಕೆಳಗು: ಗಿಡ ಗುಳಿಯಲ್ಲಿ, ಮಣ್ಣು ಮೇಲೆ. ಒಂದೇ ರೀತಿಯ ಸಾಲನ್ನು ವರ್ಷವಿಡೀ ಇಟ್ಟುಕೊಂಡು ಇಳುವರಿ ಇಲ್ಲ ಅನ್ನುವವರನ್ನು ನಾನು ನೋಡಿದ್ದೇನೆ.

ಇನ್ನು ಯಾವ ತರಕಾರಿ? ಇಲ್ಲಿ ಒಂದು ಸಣ್ಣ ಸಂಗತಿ ನನಗೆ ತಡವಾಗಿ ಗೊತ್ತಾಯಿತು. ಬೆಂಡೆ, ಅಲಸಂಡೆ ತಮ್ಮ ಹೂವಿನಲ್ಲೇ ತಾವು ಕಾಯಿ ಕಟ್ಟುತ್ತವೆ. ಜೇನು ಬರಲಿ ಬಿಡಲಿ. ಹೀರೆ, ಹಾಗಲ, ಪಡುವಲ, ಮುಳ್ಳುಸೌತೆ ಹಾಗಲ್ಲ. ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ, ನಡುವೆ ಜೇನೋ ದುಂಬಿಯೋ ಪತಂಗವೋ ಬೇಕು. ಎಡೆಬಿಡದೆ ಮಳೆ ಹೊಯ್ಯುವ ವಾರದಲ್ಲಿ ಅವು ಬರುವುದಿಲ್ಲ. ಬೆರಳುದ್ದದ ಹೀರೆ ಹಳದಿಯಾಗಿ ಉದುರುತ್ತದೆ. ನಾವು ಗೊಬ್ಬರ ಸಾಲದು ಅಂತ ಇನ್ನೊಂದು ಹಿಡಿ ಯೂರಿಯಾ ಹಾಕುತ್ತೇವೆ. ನಾನು ಮೊದಲ ವರ್ಷ ಹೀಗೇ ಮಾಡಿದ್ದು. ಬಳ್ಳಿ ಚಪ್ಪರ ಮುಚ್ಚಿ ಪಕ್ಕದ ಪೇರಳೆ ಮರ ಹತ್ತಿತು. ಕಾಯಿ ಬೆರಳಲ್ಲಿ ಎಣಿಸುವಷ್ಟು. ಸಾರಜನಕ ಜಾಸ್ತಿಯಾದರೆ ಬಳ್ಳಿಗೆ ಸೊಕ್ಕು ಬಂದು ಹೆಣ್ಣು ಹೂ ಬಿಡುವುದೇ ತಡ ಎನ್ನುವುದು ಆಮೇಲೆ ಗೊತ್ತಾಯಿತು.

ಜೇನು ಬಾರದ ದಿನಗಳಿಗೆ ಕೈಪರಾಗ ಒಂದೇ ದಾರಿ, ಖರ್ಚಿಲ್ಲದ್ದು. ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವಿಗೆ ಮೆಲ್ಲ ಉಜ್ಜುವುದು. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ, ಗುರುತು ಸುಲಭ. ಹೊತ್ತು ಮಾತ್ರ ನೆನಪಿರಲಿ. ಮುಳ್ಳುಸೌತೆ, ಹಾಗಲ, ಸಿಹಿಗುಂಬಳದ್ದು ಬೆಳಗ್ಗೆ. ಹೀರೆ ಅರಳುವುದು ಸಂಜೆ. ನಮ್ಮ ಮನೆಯಲ್ಲಿ ಸಂಜೆ ಚಹಾ ಕುಡಿದು ಹೀರೆ ಚಪ್ಪರದ ಕೆಳಗೆ ಹೋಗುವುದು ಈಗ ಅಭ್ಯಾಸ. ಹತ್ತು ಬಳ್ಳಿಗೆ ಹತ್ತು ನಿಮಿಷ ಸಾಕು.

ಹಾಗಾಗಿ ಹೊಸಬರಿಗೆ ನನ್ನ ಮಾತು: ಮೊದಲ ಮಳೆಗಾಲ ಬೆಂಡೆ ಮತ್ತು ಅಲಸಂಡೆ. ಪತ್ತನಾಜೆಯ ಆಸುಪಾಸು, ಮೇ ಕೊನೆಯಲ್ಲಿ ಬೀಜ ಹಾಕಿ. ಬೆಂಡೆ ಐವತ್ತು ದಿನದೊಳಗೆ ಕೊಯ್ಲಿಗೆ ಬರುತ್ತದೆ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ಸಾಲಿನಿಂದ ಸಾಲಿಗೆ ಎರಡು ಅಡಿಗಿಂತ ಕಡಿಮೆ ಮಾಡಬೇಡಿ. ಮಳೆಗಾಲದಲ್ಲಿ ಗಾಳಿ ಆಡದಿದ್ದರೆ ಕೊಳೆ ರೋಗ ಬರುತ್ತದೆ. ಹೀರೆ, ಮುಳ್ಳುಸೌತೆಯನ್ನು ಮನೆಯ ಮಾಡಿನ ಕೆಳಗೆ ಸಣ್ಣ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮೊಳಕೆ ಬರಿಸಿ, ಎರಡು ಮೂರು ಎಲೆ ಆದ ಮೇಲೆ ಬೇರು ಅಲುಗದ ಹಾಗೆ ನೆಡಿ. ಜೂನ್ ತಿಂಗಳ ಮೊದಲ ಮಳೆಗೆ ಕೊಚ್ಚಿಹೋಗುವ ಬೀಜ ಉಳಿಯುತ್ತದೆ, ಬಸವನಹುಳು ತಿನ್ನುವುದೂ ಕಡಿಮೆ.

ಮಳೆಮರೆ ಹಾಕಲೇ ಎಂದು ಕೆಲವರು ಕೇಳುತ್ತಾರೆ. ಮೇಲೆ 200 ಮೈಕ್ರಾನ್ ಪ್ಲಾಸ್ಟಿಕ್, ನಾಲ್ಕೂ ಬದಿ ತೆರೆದದ್ದು. ಎರಡೂವರೆ ಸೆಂಟ್ಸಿನಷ್ಟು, ಅಂದರೆ 100 ಚದರ ಮೀಟರ್ ಇದ್ದರೆ ಹರಿವೆ, ಮೆಣಸು, ಸಸಿ ಎಲ್ಲ ಆಟಿ ತಿಂಗಳಲ್ಲೂ (ಜುಲೈ-ಆಗಸ್ಟ್) ಬರುತ್ತದೆ. ಅಡಿಕೆ ಮರದ ಕಂಬದಲ್ಲಿ ಕಟ್ಟಿದರೆ ಅಗ್ಗ, ಎರಡು ಮೂರು ಮಳೆಗಾಲಕ್ಕೆ ಕಂಬ ಕುಂಬಾಗುತ್ತದೆ. ಕಬ್ಬಿಣದ ಪೈಪು ದುಬಾರಿ, ಉಪ್ಪು ಗಾಳಿಗೆ ತುಕ್ಕು ಬೇರೆ. ಪೂರ್ತಿ ಮುಚ್ಚಿದ ಪಾಲಿಹೌಸ್ ನಮಗೆ ಬೇಡ. ಸೆಕೆಯಲ್ಲಿ ನಾವೇ ಒಳಗೆ ನಿಲ್ಲಲಾಗುವುದಿಲ್ಲ, ಗಿಡ ಹೇಗೆ ನಿಲ್ಲುತ್ತದೆ?

ಸುಗ್ಗಿಯ ತರಕಾರಿ, ಅಂದರೆ ಭತ್ತ ಕೊಯ್ದ ಮೇಲೆ ನವೆಂಬರ್ ಡಿಸೆಂಬರ್‌ನಲ್ಲಿ ಹಾಕುವುದು, ಇಳುವರಿಯಲ್ಲಿ ಮಳೆಗಾಲದ್ದನ್ನು ಹೆಚ್ಚಾಗಿ ಮೀರಿಸುತ್ತದೆ. ಬಿಸಿಲಿದೆ, ಜೇನಿದೆ, ಕೊಳೆ ಇಲ್ಲ. ಆದರೆ ಕ್ರಯ ಇಳಿದಿರುತ್ತದೆ. ಆಗ ಇಟ್ಟುಕೊಳ್ಳಲಿಕ್ಕೆ ಬರುವ ಬೆಳೆ ನೋಡಬೇಕು. ಸಾಂಬಾರ್ ಸೌತೆಯನ್ನು, ಅಂದರೆ ಮಂಗಳೂರು ಸೌತೆಯನ್ನು, ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಕೆಳಗೆ ತೂಗುಹಾಕಿದರೆ ಮಳೆಗಾಲದ ತನಕ ಕೆಡುವುದಿಲ್ಲ. ಬಳ್ಳಿಯಿಂದ ಕೊಯ್ದ ದಿನವೇ ಮಾರಬೇಕೆಂಬ ಗಡಿಬಿಡಿ ಇಲ್ಲ. ಸಿಹಿಗುಂಬಳವೂ ಹಾಗೆಯೇ.

ಊರ ಬೀಜ, ಹೈಬ್ರಿಡ್, ಕಸಿ ಗಿಡ

ಹೈಬ್ರಿಡ್ ಅಂದರೆ ಇಳುವರಿ ಜಾಸ್ತಿ, ಒಪ್ಪುತ್ತೇನೆ. ನೀರು, ಗೊಬ್ಬರ, ಬಿಸಿಲು ಎಲ್ಲ ಸರಿಯಾಗಿ ಸಿಕ್ಕರೆ. ಬೀಜ ಪ್ರತಿ ವರ್ಷ ಕೊಳ್ಳಬೇಕು, ಹಣ್ಣಿನಿಂದ ತೆಗೆದ ಬೀಜ ಮರುವರ್ಷ ಹಾಗೇ ಬರುವುದಿಲ್ಲ. ಊರ ಬೀಜಕ್ಕೆ ಇಳುವರಿ ಕಡಿಮೆ, ಬೇಡಿಕೆ ಜಾಸ್ತಿ. ಏಳೆಂಟು ಏಣಿನ ಬಿಳಿ ಬೆಂಡೆಯನ್ನೇ ನೋಡಿ. ಉದ್ದ ಆದರೂ ಎಳತು. ಅಂಗಡಿಯ ಹಸಿರು ಬೆಂಡೆಯ ಪಕ್ಕ ಇಟ್ಟರೆ ಅದು ಮೊದಲು ಖಾಲಿ. ಇವೆರಡರ ನಡುವೆ ಇನ್ನೊಂದು ದಾರಿ ಇದೆ, ಸಂಶೋಧನಾ ಸಂಸ್ಥೆಯ ಸುಧಾರಿತ ತಳಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ ಹೈಬ್ರಿಡ್ ಅಲ್ಲ, ಬೀಜ ಉಳಿಸಿಕೊಳ್ಳಬಹುದು. ಹಳದಿ ನಂಜು ರೋಗ ತಡೆಯಲಿ ಎಂದೇ ಮಾಡಿದ ತಳಿ ಅದು. ಆ ರೋಗ ಹರಡುವುದು ಬಿಳಿನೊಣ, ಬೇಸಗೆಯಲ್ಲಿ ಅದರ ಕಾಟ ಜಾಸ್ತಿ. ಆದ್ದರಿಂದ ನಾನು ಮಳೆಗಾಲಕ್ಕೆ ಊರ ಬಿಳಿ ಬೆಂಡೆ, ಬೇಸಗೆಗೆ ಅರ್ಕಾ ಅನಾಮಿಕ ಹಾಕುತ್ತೇನೆ.

ಬೀಜ ಉಳಿಸುವವರು ಬೆರಕೆ ನೋಡಿಕೊಳ್ಳಬೇಕು. ಎರಡು ಬಗೆಯ ಹೀರೆ ಅಕ್ಕಪಕ್ಕ ಇದ್ದರೆ ಮರುವರ್ಷ ಮೂರನೆಯದು ಬರುತ್ತದೆ. ಸಾಂಬಾರ್ ಸೌತೆಗೂ ಮುಳ್ಳುಸೌತೆಗೂ ಮಾತ್ರ ಬೆರಕೆಯ ಭಯ ಇಲ್ಲ. ಮಂಗಳೂರು ಸೌತೆ ಹೆಸರಿಗೆ ಸೌತೆ, ಜಾತಿಯಲ್ಲಿ ಕರಬೂಜದ ಕಡೆಯದು. ಅದು ಬೆರೆಯುವುದು ಕರಬೂಜದ ಬಗೆಯೇ ಆದ ಇಬ್ಬುಡ್ಲದ ಜೊತೆ.

ಈಗ ಗುಳ್ಳ, ಅಂದರೆ ಬದನೆ. ಕಟಪಾಡಿ ಹತ್ತಿರದ ಮಟ್ಟುವಿನ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿದೆ. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜ ಎಂಬ ಐತಿಹ್ಯ ನಮಗೆಲ್ಲ ಗೊತ್ತು. ಮಟ್ಟುವಿನ ಹೊರಗೆ ಬೆಳೆದರೆ ಅದೇ ರುಚಿ ಬರುವುದಿಲ್ಲ, ಮಟ್ಟುಗುಳ್ಳ ಎಂದು ಮಾರುವಂತೆಯೂ ಇಲ್ಲ. ಆದರೂ ಬದನೆ ಬೆಳೆಯುವ ಎಲ್ಲರಿಗೂ ಅಲ್ಲಿನವರ ಸಮಸ್ಯೆಯೇ ಇದೆ: ಸೊರಗು ರೋಗ. ಹಿಂದಿನ ಸಂಜೆ ಹಸಿರಾಗಿದ್ದ ಗಿಡ ಮರುದಿನ ಮಧ್ಯಾಹ್ನ ಬಾಡಿ ನೇತಾಡುತ್ತದೆ. ನೀರು ಹಾಕಿದರೂ ಏಳುವುದಿಲ್ಲ. ಸಂಶಯ ಇದ್ದರೆ ಬುಡದ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ತೂಗುಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಬಿಳಿ ನೂಲಿನ ಹಾಗೆ ಲೋಳೆ ಇಳಿದರೆ ಅದು ಬ್ಯಾಕ್ಟೀರಿಯಾ. ಆಮೇಲೆ ಯಾವ ಔಷಧಿ ತಂದರೂ ಆ ಗಿಡ ಬದುಕುವುದಿಲ್ಲ, ಕಿತ್ತು ಸುಡಿ.

ಇಲ್ಲಿ ಮಾತ್ರ ನಾನು ದುಡ್ಡು ಬಿಚ್ಚಿ ಅನ್ನುತ್ತೇನೆ. ಕಾಡುಬದನೆ ಜಾತಿಯ ಸುಂಡೆ ಗಿಡದ ಬೇರಿಗೆ ಬದನೆ ಕಸಿ ಕಟ್ಟಿದ ಸಸಿ ಸಿಕ್ಕರೆ ಅದನ್ನೇ ತನ್ನಿ. ಬೀಜದ ಸಸಿಗಿಂತ ಎಷ್ಟೋ ಪಟ್ಟು ಕ್ರಯ. ಆದರೆ ಸುಂಡೆಯ ಬೇರಿಗೆ ಸೊರಗು ರೋಗ ಅಷ್ಟು ಸುಲಭವಾಗಿ ತಾಗುವುದಿಲ್ಲ. ಒಂದು ವರ್ಷ ನಾನು ಹಾಕಿದ ಇನ್ನೂರು ಬೀಜದ ಸಸಿಗಳಲ್ಲಿ ಕಾಯಿ ಕೊಯ್ದದ್ದು ನಲವತ್ತರಲ್ಲಿ. ನೆಡುವಾಗ ಕಸಿಯ ಗಂಟು ಮಣ್ಣಿನ ಮೇಲೆಯೇ ಇರಬೇಕು. ಮಣ್ಣು ಏರಿಸುವಾಗ ಮರೆತು ಗಂಟು ಮುಚ್ಚಿದರೆ ಬದನೆಯೇ ಬೇರು ಬಿಟ್ಟು ರೋಗ ತಂದುಕೊಳ್ಳುತ್ತದೆ. ಕೆಳಗಿನಿಂದ ಸುಂಡೆಯ ಚಿಗುರು ಬಂದರೆ ಮುರಿಯುತ್ತಿರಿ. ಕಸಿ ಸಿಗದವರು ಬದನೆ, ಟೊಮೆಟೊ, ಮೆಣಸನ್ನು ಒಂದೇ ಜಾಗದಲ್ಲಿ ಒಂದರ ಹಿಂದೆ ಒಂದು ಹಾಕಬೇಡಿ, ಮೂವರೂ ಒಂದೇ ಕುಟುಂಬ. ನಡುವೆ ಒಂದು ಭತ್ತದ ಬೆಳೆ ಬಂದು ಗದ್ದೆ ನೀರಲ್ಲಿ ನಿಂತರೆ ರೋಗ ಇಳಿಯುತ್ತದೆ.

ನೀರು ಮತ್ತು ಮುಚ್ಚಿಗೆ

ಡ್ರಿಪ್ಪೋ, ಪೈಪಿನಲ್ಲಿ ಕೈನೀರೋ? ಐದು ಸೆಂಟ್ಸಿಗೆ ಕೈನೀರೇ ಸಾಕು. ಗಿಡವನ್ನು ದಿನಾ ನೋಡಿದ ಹಾಗೂ ಆಗುತ್ತದೆ. ಹತ್ತು ಸೆಂಟ್ಸ್ ದಾಟಿದರೆ, ಬಾವಿ ಏಪ್ರಿಲ್‌ನಲ್ಲಿ ಕೈಕೊಡುವುದಾದರೆ ಡ್ರಿಪ್. ತೋಟಗಾರಿಕೆ ಇಲಾಖೆಯ ಸಹಾಯಧನ ಇದೆ, ಸರ್ಕಾರದ ರೈತ ನೋಂದಣಿಯ ಫ್ರೂಟ್ಸ್ ಐಡಿ ಮೊದಲೇ ಮಾಡಿಸಿಟ್ಟುಕೊಳ್ಳಿ. ನಮ್ಮ ಕಡೆ ನೀರಿನಲ್ಲಿ ಕಬ್ಬಿಣ ಜಾಸ್ತಿ ಇರುವ ಜಾಗಗಳಿವೆ. ಕೊಡಪಾನದ ಒಳಗೆ ಕೆಂಪು ಕಲೆ ಕೂರುತ್ತದೆ ಅಂದರೆ ಡ್ರಿಪ್ಪಿನ ಕಣ್ಣಿನಲ್ಲೂ ಕೂರುತ್ತದೆ. ಫಿಲ್ಟರ್ ಇಲ್ಲದೆ ಹಾಕಬೇಡಿ. ಹೊಳೆಬದಿಯಲ್ಲಿ ಬೇಸಗೆಗೆ ಬಾವಿ ಉಪ್ಪಾಗುವವರು ಸ್ಪ್ರಿಂಕ್ಲರ್ ಕಡೆ ನೋಡಲೇಬೇಡಿ, ಎಲೆ ಸುಡುತ್ತದೆ.

ಗಿಡದ ಬುಡದ ಮುಚ್ಚಿಗೆಗೆ ತರಗೆಲೆ ಇರುವಾಗ ಪ್ಲಾಸ್ಟಿಕ್ ಮಲ್ಚಿಂಗ್ ಶೀಟು ಯಾಕೆ? ಕಲ್ಲಂಗಡಿ ಹಾಕುವವರಿಗೆ, ಕಳೆ ತೆಗೆಯಲು ಜನ ಸಿಗದವರಿಗೆ 25ರಿಂದ 30 ಮೈಕ್ರಾನಿನ ಬೆಳ್ಳಿ ಬಣ್ಣದ ಶೀಟು ಸರಿ. ಬೆಳಕು ಮೇಲಕ್ಕೆ ಹೊಡೆಯುವುದರಿಂದ ಬಿಳಿನೊಣವೂ ಸ್ವಲ್ಪ ದೂರ. ಉಳಿದವರು ಗುಡ್ಡದಿಂದ ತರಗೆಲೆ ಗುಡಿಸಿ ತನ್ನಿ. ಗೆದ್ದಲು ಬರುತ್ತದೆ, ನಿಜ. ಹರಿದ ಶೀಟಿನ ತುಂಡು ಗದ್ದೆಯಲ್ಲಿ ಉಳಿಯುವುದಕ್ಕಿಂತ ಗೆದ್ದಲೇ ವಾಸಿ.

ಹಣ್ಣುನೊಣಕ್ಕೆ ಸ್ಪ್ರೇಯೋ, ಬಲೆಯೋ

ಹಾಗಲ, ಪಡುವಲ, ಹೀರೆ ಡೊಂಕಾಗಿ ಒಳಗೆ ಹುಳ ಇದ್ದರೆ ಹಣ್ಣುನೊಣದ ಕೆಲಸ. ಮೊಟ್ಟೆ ಕಾಯಿಯ ಒಳಗೆ. ಹೊರಗಿನಿಂದ ಹೊಡೆದ ಔಷಧಿ ಅಲ್ಲಿಗೆ ತಲಪುವುದಿಲ್ಲ. ಬೆಳಗ್ಗೆ ಹೊಡೆದರೆ ಸಾಯುವುದು ಜೇನು. ಹಾಗಾಗಿ ಸ್ಪ್ರೇಯ ದುಡ್ಡು ಉಳಿಸಿ. ನೊಣವನ್ನು ವಾಸನೆಯಿಂದ ಸೆಳೆಯುವ ಕ್ಯೂ ಲ್ಯೂರ್ ಹಾಕಿದ ಮೋಹಕ ಬಲೆ ಎಕರೆಗೆ ಎಂಟು ಹತ್ತು ಬೇಕು, ಹತ್ತು ಸೆಂಟ್ಸಿಗೆ ಒಂದೆರಡು ಸಾಕು. ಕೊಳ್ಳುವಾಗ ಬಾಯಿಬಿಟ್ಟು 'ಬಳ್ಳಿ ತರಕಾರಿಗೆ' ಎಂದು ಹೇಳಿ. ನನಗೆ ಒಮ್ಮೆ ಒಂದು ಅಂಗಡಿಯಲ್ಲಿ ಮಾವಿನ ನೊಣದ್ದನ್ನು ಕೊಟ್ಟರು. ಅದರಲ್ಲಿರುವುದು ಮೀಥೈಲ್ ಯೂಜಿನಾಲ್. ತಿಂಗಳಿಡೀ ನೇತಾಡಿಸಿದೆ, ಪಕ್ಕದ ತೋಟದ ಮಾವಿಗೆ ಉಪಕಾರ ಆಯಿತು.

ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಅದರಿಂದ ಪೂರ್ತಿ ಪರಿಹಾರ ಅಂದುಕೊಳ್ಳಬೇಡಿ. ಬೆಲ್ಲದ ನೀರಿಗೆ ಕಳಿತ ಬಾಳೆಹಣ್ಣು ಕಿವುಚಿ ಇಟ್ಟರೆ ಹೆಣ್ಣು ನೊಣವೂ ಬರುತ್ತದೆ. ಹುಳ ಬಿದ್ದ ಕಾಯಿ ಹುಣಿಗೆ ಎಸೆದರೆ ಅಲ್ಲಿಂದಲೇ ಮುಂದಿನ ಸಂತಾನ. ಎರಡು ಅಡಿ ಆಳಕ್ಕೆ ಹೂಳಿ. ಹಾಗಲಕ್ಕೆ ಎಳೆಯದರಲ್ಲೇ ಕಾಗದದ ಚೀಲ ಕಟ್ಟುವುದು ಎಲ್ಲಕ್ಕಿಂತ ಖಾತ್ರಿ, ಬಿಡುವಿದ್ದವರಿಗೆ. ಮಳೆಗಾಲದಲ್ಲಿ ಕಾಗದ ನಿಲ್ಲುವುದಿಲ್ಲ, ಹಳೇ ಬಟ್ಟೆ ಕಟ್ಟಬೇಕು. ನನ್ನ ಅತ್ತೆ ಹಳೇ ಸೀರೆ ಹರಿದು ಕಟ್ಟುತ್ತಿದ್ದರು. ದೂರದಿಂದ ನೋಡಿದರೆ ಚಪ್ಪರದಲ್ಲಿ ಯಾವುದೋ ಹರಕೆ ಕಟ್ಟಿದ ಹಾಗೆ.

ಬಾಳೆಗೆ ಕಂದೋ, ಟಿಶ್ಯೂ ಗಿಡವೋ

ಎರಡು ಮೀಟರ್ ಅಂತರದಲ್ಲಿ ಹತ್ತು ಸೆಂಟ್ಸಿಗೆ ಸುಮಾರು ನೂರು ಬುಡ ಬಾಳೆ ಹಿಡಿಯುತ್ತದೆ. ಲ್ಯಾಬಿನಲ್ಲಿ ಬೆಳೆಸಿದ ಟಿಶ್ಯೂ ಕಲ್ಚರ್ ಗಿಡ ರೋಗ ಇಲ್ಲದ್ದು, ಎಲ್ಲ ಒಂದೇ ಸಮ ಬೆಳೆಯುತ್ತದೆ, ಎಲ್ಲ ಒಂದೇ ಹೊತ್ತಿಗೆ ಗೊನೆ ಹಾಕುತ್ತದೆ. ಲಾರಿಗೆ ತುಂಬಿಸುವವರಿಗೆ ಇದು ಅನುಕೂಲ. ವಾರಕ್ಕೆ ಎರಡು ಗೊನೆ ಹತ್ತಿರದ ಅಂಗಡಿಗೋ ದೇವಸ್ಥಾನಕ್ಕೋ ಕೊಡುವ ನಮಗೆ ಅದೇ ತೊಂದರೆ. ಒಂದೇ ತಿಂಗಳಲ್ಲಿ ನೂರು ಗೊನೆ ಎಲ್ಲಿ ಇಡುವುದು? ಅದಕ್ಕೇ ನಾನು ಕದಳಿ, ನೇಂದ್ರ ಎರಡನ್ನೂ ಬುಡದಿಂದ ಏಳುವ ಮರಿ ಗಿಡದಿಂದ, ಅಂದರೆ ಕಂದಿನಿಂದಲೇ, ತಿಂಗಳಿಗೆ ಹತ್ತು ಹತ್ತು ಬುಡ ನೆಡುತ್ತೇನೆ.

ಕಂದು ಆರಿಸುವಾಗ ಎಲೆ ಕತ್ತಿಯ ಹಾಗೆ ಕಿರಿದಾಗಿರಬೇಕು. ಅಗಲ ಎಲೆಯ ಕಂದು ನೋಡಲಿಕ್ಕೆ ಚಂದ, ಗೊನೆ ಸಣ್ಣ. ಗೆಡ್ಡೆಯ ಹೊರಮೈ ಕೆತ್ತಿ ಹುಳದ ತೂತು ಇದೆಯೋ ನೋಡಿ. ನೇಂದ್ರದ ಕಂದನ್ನು ಸಗಣಿ, ಬೂದಿ ಕಲಸಿದ ನೀರಲ್ಲಿ ಅದ್ದಿ ಮೂರು ನಾಲ್ಕು ದಿನ ಬಿಸಿಲಲ್ಲಿ ಒಣಗಿಸಿ ನೆಡುವುದು ಒಳ್ಳೆಯ ಕ್ರಮ. ಎಲೆಗಳು ತುದಿಯಲ್ಲಿ ಗೊಂಚಲಾಗಿ ಕಿರಿದಾಗಿ ನಿಂತ ಬಾಳೆ ಒಂದಾದರೂ ಇರುವ ತೋಟದಿಂದ ಪುಕ್ಕಟೆ ಕೊಟ್ಟರೂ ಕಂದು ತರಬೇಡಿ. ಅಂಥ ಊರಲ್ಲಿ ಟಿಶ್ಯೂ ಗಿಡವೇ ಸರಿ.

ರಂಬುಟಾನ್ ಹಾಕುವವರಿಗೆ ಒಂದೇ ಮಾತು. ಬೀಜದ ಗಿಡ ಬೇಡ, ಅದರಲ್ಲಿ ಗಂಡು ಮರವೂ ಬರುತ್ತದೆ. ಏಳೆಂಟು ವರ್ಷ ನೀರು ಹಾಕಿದ ಮೇಲೆ ಅದು ಗಂಡು ಎಂದು ಗೊತ್ತಾದರೆ ಕಡಿಯಲೂ ಮನಸ್ಸು ಬರುವುದಿಲ್ಲ.

ಮಂಗನಿಗೆ ಏನು ಮಾಡುವುದು ಎಂದು ಕೊನೆಗೆ ಎಲ್ಲರೂ ಕೇಳುತ್ತಾರೆ. ಬಲೆ, ಪಟಾಕಿ, ಹುಲಿಯ ಗೊಂಬೆ, ಸೋಲಾರ್ ಬೇಲಿ ಎಲ್ಲದಕ್ಕೂ ಅವು ಒಂದಲ್ಲ ಒಂದು ದಿನ ಒಗ್ಗಿಕೊಳ್ಳುತ್ತವೆ. ಬೇಲಿಗಿಂತ ಬೆಳೆ ಬದಲಿಸುವುದೇ ಅಗ್ಗ. ಗುಡ್ಡದ ಬದಿಗೆ ಹಾಗಲ, ಕೆಸು, ಸುವರ್ಣಗೆಡ್ಡೆ, ಅರಿಶಿನ, ಗಾಂಧಾರಿ ಮೆಣಸು ಹಾಕಿ, ಮನೆ ಬದಿಗೆ ಬೆಂಡೆ, ಹೀರೆ, ಬಾಳೆ ಇಟ್ಟುಕೊಳ್ಳಿ. ಸಸಿ ಮಡಿಗೆ ನವಿಲು ಬಾರದ ಹಾಗೆ ಹಳೇ ಮೀನಿನ ಬಲೆ ಸಾಕು. ಭಾವ ಒಂದು ನಾಯಿ ಸಾಕಿದರು. ಮೊದಲ ತಿಂಗಳು ಚೆನ್ನಾಗಿ ಬೊಗಳಿತು. ಈಗ ಮಂಗ ಮಾಡಿನ ಮೇಲೆ ಕೂತು ಬೆಂಡೆ ತಿನ್ನುತ್ತದೆ, ನಾಯಿ ಅಂಗಳದಲ್ಲಿ ಮಲಗಿ ಬಾಲ ಆಡಿಸುತ್ತದೆ.